ಮೇಲಿನ ಗೋಲು, ಕೆಳಗಿನ ಗೋಲು

ಚೆಂಡು ಮತ್ತೆ ಗೆರೆ ದಾಟಿ ಹೋಯಿತು. ಸೊಳ್ಳೆ ಅದರ ಹಿಂದೆ ಓಡಿದಳು, ಇನ್ನೂ ಓಡಿದಳು, ಕೊನೆಗೆ ಮೂಲೆಯ ಬಾವುಟದ ಕೋಲು ಹಿಡಿದುಕೊಂಡು ಏದುಸಿರು ಬಿಡುತ್ತ ನಿಂತಳು. ನಮ್ಮ ತಂಡದಲ್ಲಿ ಸೊಳ್ಳೆಗಿಂತ ಜೋರಾಗಿ ಓಡುವವರು ಇಲ್ಲ. ಅವಳಿಗೆ ಸಿಗದ ಪಾಸು ಇನ್ಯಾರಿಗೂ ಸಿಗುವುದಿಲ್ಲ.

"ಯಾರಿಗೇ ಕೊಟ್ಟೆ ಅದನ್ನ? ಬಸ್ ಸ್ಟಾಪಲ್ಲಿ ನಿಂತಿರೋರಿಗಾ?" ಹಿಂದಿನಿಂದ ಕೂಗು ಬಂತು.

"ಮೆತ್ತಗೇ ಒದ್ದೆ ಅತ್ತೆ!" ಎಂದಳು ಗಡಿಯಾರ.

"ಮೆತ್ತಗೆ ಒದ್ದಿದ್ದು ಇದಾ? ಜೋರಾಗಿ ಒದ್ದಿದ್ರೆ ಪೊಲೀಸ್ ಕಂಪ್ಲೇಂಟ್ ಕೊಟ್ಟು ಹುಡುಕಿಸಬೇಕಾಗ್ತಿತ್ತು."

ಗಡಿಯಾರ ಎಂದರೆ ನಮ್ಮ ನಡುಮೈದಾನದ ಆಟಗಾರ್ತಿ. ಬೆಳಗಿನ ಪ್ರಾರ್ಥನೆಗೆ ಒಂದು ದಿನವೂ ಸಮಯಕ್ಕೆ ಸರಿಯಾಗಿ ಬಂದವಳಲ್ಲ, ಅದಕ್ಕೇ ಆ ಹೆಸರು. ಅತ್ತೆ ಎಂದರೆ ನಮ್ಮ ಗೋಲ್‌ಕೀಪರ್, ನಮ್ಮ ಕ್ಯಾಪ್ಟನ್. ಓದುತ್ತಿರುವುದು ನಮ್ಮ ಜೊತೆಗೇ, ಹತ್ತನೇ ಕ್ಲಾಸು. ಆದರೆ ಸೀಟಿ ಊದಿದ ಕ್ಷಣದಿಂದ ಎರಡು ಕಂಬಗಳ ನಡುವೆ, ಅಡುಗೆಮನೆ ಬಾಗಿಲಲ್ಲಿ ಸೊಂಟಕ್ಕೆ ಕೈ ಕೊಟ್ಟು ನಿಂತಂತೆ ನಿಂತು, ಮುಂದಿರುವ ಹತ್ತೂ ಸೊಸೆಯರನ್ನು ಬಾಯಿಗೆ ಬಂದಂತೆ ಜಾಡಿಸುತ್ತಾಳೆ. ನಾವು ಬೈಸಿಕೊಳ್ಳುತ್ತ ಗೆಲ್ಲುತ್ತೇವೆ. ಇದು ಮೊದಲಿನಿಂದ ಬಂದ ಪದ್ಧತಿ.

ಇವತ್ತು ಮಾತ್ರ ಬೈಗುಳ ಬರುತ್ತಿತ್ತು, ಗೆಲುವು ಬರುತ್ತಿರಲಿಲ್ಲ. ಬೋರ್ಡಿನಲ್ಲಿ ದೊಡ್ಡ ಶಾಲೆಯ ಮುಂದೆ ಎರಡು, ನಮ್ಮ ಮುಂದೆ ಸೊನ್ನೆ. ಅವರ ಎರಡು ಗೋಲೂ ನಾವೇ ಕೈಯಾರೆ ಕೊಟ್ಟಂತಿದ್ದವು: ನಮ್ಮ ಪಾಸು ನಮ್ಮವಳನ್ನು ದಾಟಿ ಹೋಗುತ್ತದೆ, ಅಲ್ಲಿ ಅವರ ಹುಡುಗಿ ಮನೆಗೆ ಬಂದ ನೆಂಟರನ್ನು ಬರಮಾಡಿಕೊಳ್ಳುವ ಹಾಗೆ ಕಾಲು ಚಾಚಿ ನಿಂತಿರುತ್ತಾಳೆ.

ಯಾಕೆ ಹೀಗಾಯಿತೆಂದು ತಿಳಿಯಲು ದೊಡ್ಡ ಶಾಲೆಯ ಈ ಮೈದಾನವಲ್ಲ, ನಮ್ಮದನ್ನು ನೋಡಿರಬೇಕು.

ಬೇರೆ ಶಾಲೆಗಳ ಮೈದಾನಗಳು ನೆಟ್ಟಗೆ ಮಲಗಿರುತ್ತವೆ. ನಮ್ಮದು ಮೊಣಕೈ ಊರಿ ಅರ್ಧ ಎದ್ದು ಕೂತಿದೆ. ಒಂದು ಗೋಲು ಮೇಲೆ, ನೀರಿನ ಟ್ಯಾಂಕಿನ ಪಕ್ಕ. ಇನ್ನೊಂದು ಕೆಳಗೆ, ಸೈಕಲ್ ಸ್ಟ್ಯಾಂಡಿನ ಮುಂದೆ. ಮೇಲೆ ನಿಂತವಳಿಗೆ ಕೆಳಗೆ ನಿಂತವಳ ಬೈತಲೆ ಕಾಣಿಸುತ್ತದೆ. ಸ್ಟ್ಯಾಂಡಿನ ತಗಡಿನ ಚಾವಣಿಯಲ್ಲಿ ನಮ್ಮ ಚೆಂಡು ಬೀಳದ ಜಾಗವಿಲ್ಲ. ಅದನ್ನೂ ದಾಟಿದ ಚೆಂಡು ಗೇಟಿನಿಂದ ಹೊರಬಿದ್ದು, ಓಣಿಯುದ್ದಕ್ಕೂ ಉರುಳಿ ಲಾಂಡ್ರಿಯ ಮೆಟ್ಟಿಲಿಗೆ ಬಡಿದು ನಿಲ್ಲುತ್ತದೆ. ಲಾಂಡ್ರಿಯವನು ಅದನ್ನು ಒರೆಸಿ, ಹೆಡ್‌ಮಿಸ್ಟ್ರೆಸ್‌ರ ಇಸ್ತ್ರಿ ಬಟ್ಟೆಯ ಗಂಟಿನ ಜೊತೆ ಕಳಿಸಿಕೊಟ್ಟಿದ್ದೂ ಉಂಟು.

ಇಂಥ ಮೈದಾನದಲ್ಲಿ ಆಡುವುದು ಹೇಗೆಂದು ಕಂಡುಹಿಡಿದವಳು ಅತ್ತೆಯ ಅಕ್ಕ. ಅವಳು ಕ್ಯಾಪ್ಟನ್ ಆಗಿದ್ದಾಗ ನಾವು ಗೆರೆಯಾಚೆ ಕೂತು ನೋಡುತ್ತಿದ್ದ ಚಿಕ್ಕವರು. ರೈಲ್ವೆ ಶಾಲೆಯವರು ಆಡಲು ಬಂದರು, ಇಳಿಜಾರು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಕ್ಕ ಟಾಸ್ ಗೆದ್ದಳು, ಗೆದ್ದು ಮೇಲಿನ ಗೋಲಿನ ಕಡೆಗೆ ಆಡುತ್ತೇವೆ ಎಂದಳು. ಅವರು ಇನ್ನೂ ನಕ್ಕರು. ಮೊದಲರ್ಧ ಹೇಗೋ ತಡೆದುಕೊಂಡೆವು. ಎರಡನೇ ಅರ್ಧದಲ್ಲಿ ಕಾಲು ಸೋತ ಮೇಲೆ ಏರಬೇಕಾದವರು ಅವರು, ಇಳಿಯಬೇಕಾದವರು ನಾವು. ಆಮೇಲೆ ಯಾರೂ ನಗಲಿಲ್ಲ. ಅಂದಿನಿಂದ ನಮ್ಮಲ್ಲಿ ಅದೇ ಕಾನೂನು: ಮೊದಲು ಏರು, ಆಮೇಲೆ ಇಳಿ. ಮಿಲ್ ಶಾಲೆಯ ಹುಡುಗಿಯರು ಬಂದಾಗಲಂತೂ ಅವರ ಇಬ್ಬರು ಬ್ಯಾಕುಗಳು ಆಟದ ನಡುವೆಯೇ ಕೂತುಬಿಟ್ಟರು. ರೆಫರಿ ಏಳಿ ಎಂದರೆ, "ಬಂದೆ ಸರ್, ಒಂದು ನಿಮಿಷ" ಅಂದರು.

ಇನ್ನೊಂದು ಪದ್ಧತಿಯೂ ಅಕ್ಕನದೇ. ಆಟಕ್ಕೆ ಮುಂಚೆ ಕ್ಯಾಪ್ಟನ್ ಚೆಂಡನ್ನು ಮೈದಾನದ ನಟ್ಟನಡುವೆ ಇಟ್ಟು ಕೈ ಬಿಡಬೇಕು. ಚೆಂಡು ತಾನೇ ಹೊರಟು, ಯಾರೂ ಮುಟ್ಟದೆ, ಆರಾಮಾಗಿ ಉರುಳುತ್ತ ಕೆಳಗಿನ ಗೋಲಿನೊಳಗೆ ಹೋಗಿ ಕೂರುತ್ತದೆ. ನಾವು ಚಪ್ಪಾಳೆ ತಟ್ಟುತ್ತೇವೆ. ಎದುರಿನವರ ಮುಖ ಬಾಡುತ್ತದೆ.

ನಮ್ಮ ಹೆಸರು ಕೇಳಿಯೇ ದೊಡ್ಡ ಶಾಲೆ ನಮ್ಮಲ್ಲಿಗೆ ಬಂತು. ಸತತವಾಗಿ ಕಪ್ ಗೆಲ್ಲುವವರು ಅವರು. ಎರಡು ಬಸ್ಸುಗಳಲ್ಲಿ ಬಂದರು, ಒಂದರಲ್ಲಿ ಆಟಗಾರ್ತಿಯರು, ಇನ್ನೊಂದರಲ್ಲಿ ಚಪ್ಪಾಳೆಯವರು. ಅಕ್ಕ ಅವತ್ತು ಎಡಗಾಲಿನಿಂದ ಒಂದೇ ಒಂದು ಗೋಲು ಹೊಡೆದಳು. ಒಂದು–ಸೊನ್ನೆ. ಬೀದಿಯ ಜನ ಶಾಲೆಯ ಗೋಡೆ ಹತ್ತಿ ಕೂಗಿದರು. ಆದರೆ ದೊಡ್ಡ ಶಾಲೆಯ ಅಧ್ಯಕ್ಷರು ಲೀಗಿನ ಸಮಿತಿಗೆ ದೂರು ಕೊಟ್ಟರು. ಮೈದಾನ ಸಮತಟ್ಟಾಗಿಲ್ಲ, ಗೆದ್ದಿದ್ದು ತಂಡವಲ್ಲ, ಇಳಿಜಾರು ಎಂದರು. ಸಮಿತಿ ತಲೆಯಾಡಿಸಿತು, ಪಂದ್ಯ ಲೆಕ್ಕಕ್ಕಿಲ್ಲ ಎಂದಿತು. ದೊಡ್ಡ ಶಾಲೆ ಮತ್ತೆಂದೂ ನಮ್ಮಲ್ಲಿಗೆ ಬರಲಿಲ್ಲ.

ಆ ಗೋಲು ಅಕ್ಕ ಹೊಡೆದದ್ದು ಮೊದಲರ್ಧದಲ್ಲಿ. ಅಂದರೆ ಮೇಲಿನ ಗೋಲಿಗೆ. ಏರುತ್ತ. ಇದನ್ನು ಕೇಳುವ ತಾಳ್ಮೆ ಸಮಿತಿಯಲ್ಲಿ ಯಾರಿಗೂ ಇರಲಿಲ್ಲ.

ಅಕ್ಕ ಶಾಲೆ ಮುಗಿಸಿ ಸೋದರಮಾವನ ಜೊತೆ ಟೈಲ್ಸ್ ಹಾಕುವ ಕೆಲಸಕ್ಕೆ ಸೇರಿದಳು. ಆ ಪಂದ್ಯದ ಮಾತು ಎತ್ತಿದರೆ, "ಬಿಡ್ರೇ, ಹಳೇದು" ಎನ್ನುತ್ತಾಳೆ. ಆದರೆ ಕೆಲಸಕ್ಕೆ ಹೋಗುವಾಗ ಶಾಲೆಯ ಬೀದಿ ಬಿಟ್ಟು, ಮಾರ್ಕೆಟ್ಟಿನ ಹಿಂದಿನಿಂದ ಸುತ್ತಿಕೊಂಡು ಹೋಗುತ್ತಾಳೆ. ಬೆನ್ನಿಗೆ ಸಿಮೆಂಟಿನ ಚೀಲ, ಕೈಯಲ್ಲಿ ನೆಲದ ಮಟ್ಟ ನೋಡುವ ರಸಮಟ್ಟ. ನಾವು ನೋಡಿದ್ದೇವೆ. ಅತ್ತೆ ದಿನವೂ ನೋಡುತ್ತಾಳೆ. ಒಂದೇ ಕೋಣೆಯಲ್ಲಿ ಮಲಗುವವರು ಅವರು.

ಇವತ್ತು ಬೆಳಿಗ್ಗೆ, ದೊಡ್ಡ ಶಾಲೆಯ ಈ ಹಸಿರು ಮೈದಾನದಲ್ಲಿ ಅಧ್ಯಕ್ಷರು ಮೈಕ್ ಹಿಡಿದರು. ಅವರು ಕೆಟ್ಟವರಲ್ಲ. ನಗುನಗುತ್ತಲೇ ಮಾತಾಡುವವರು. "ಗುಡ್ಡದ ಹುಡುಗಿಯರು ಇವತ್ತು ನೆಲಕ್ಕೆ ಇಳಿದಿದ್ದಾರೆ," ಎಂದರು. ಎಲ್ಲರೂ ನಕ್ಕರು. "ಇವತ್ತು ಇವರು ಗೆದ್ದರೆ, ಆ ಹಳೆಯ ಪಂದ್ಯ ಇವರದೇ ಅಂತ ನಾನೇ ಒಪ್ಪಿಕೊಳ್ಳುತ್ತೇನೆ. ಅಷ್ಟೇ ಅಲ್ಲ, ನಮ್ಮ ತಂಡ ಇವರ ಗುಡ್ಡಕ್ಕೆ ಹೋಗಿ ಆಡುತ್ತೆ!" ಇನ್ನೂ ನಕ್ಕರು. ಅದು ತಮಾಷೆಗೆ ಆಡಿದ ಮಾತು. ಅತ್ತೆ ತಮಾಷೆ ಮಾಡುತ್ತಾಳೆ, ಬೇರೆಯವರ ತಮಾಷೆ ಅವಳಿಗೆ ಅರ್ಥವಾಗುವುದಿಲ್ಲ. ಅವಳು ನಗದೆ ನಡೆದು ಹೋಗಿ ಚೆಂಡನ್ನು ಮೈದಾನದ ನಡುವೆ ಇಟ್ಟು ಕೈ ಬಿಟ್ಟಳು.

ಚೆಂಡು ಕದಲಲಿಲ್ಲ.

ನಾವು ಕಾದೆವು. ಅದು ಇಟ್ಟಲ್ಲೇ ಕೂತಿತ್ತು. ಕೇರಂ ಬೋರ್ಡಿನಂಥ ನೆಲ. ಹುಲ್ಲನ್ನು ಯಾರೋ ಬಾಚಿ ತಲೆ ಕಟ್ಟಿದಂತಿತ್ತು. ಚಪ್ಪಾಳೆ ತಟ್ಟಲು ಎತ್ತಿದ ಕೈಗಳನ್ನು ಏನು ಮಾಡಬೇಕೆಂದು ತಿಳಿಯದೆ ನಾವು ಸಾಕ್ಸ್ ಮೇಲೆಳೆದುಕೊಂಡೆವು.

ಮಟ್ಟದ ನೆಲ ನಮಗೆ ಹೊಸದಲ್ಲ ಎಂದುಕೊಂಡಿದ್ದೆವು. ಬೇರೆ ಶಾಲೆಗಳಲ್ಲಿ ಆಡಿದ್ದೆವಲ್ಲ. ಆದರೆ ಅಲ್ಲೆಲ್ಲ ಗುಂಡಿ, ಕಲ್ಲು, ಮರಳು. ಅಲ್ಲಿ ಯಾರ ಪಾಸೂ ಹೇಳಿದ ಕಡೆ ಹೋಗುವುದಿಲ್ಲ, ಹಾಗಾಗಿ ನಮ್ಮದು ಯಾಕೆ ಹೋಗಲಿಲ್ಲ ಎಂದು ಯಾರೂ ಕೇಳಿರಲಿಲ್ಲ. ಇಲ್ಲಿ ಚೆಂಡು ಒದ್ದಷ್ಟೂ ಹೋಗುತ್ತದೆ. ನಮ್ಮ ಕಾಲುಗಳೋ, ಮೊದಲರ್ಧ ಎಂದರೆ ಏರು, ಏರು ಎಂದರೆ ಜೋರಾಗಿ ಒದೆಯಬೇಕು ಎಂದು ಕಲಿತು ಕೂತಿವೆ. ವಾರವಿಡೀ "ಮೆತ್ತಗೆ, ಮೆತ್ತಗೆ" ಎಂದು ಅಭ್ಯಾಸ ಮಾಡಿದ್ದೆವು. ಕಾಲಿಗೆ ಕಿವಿ ಇಲ್ಲ.

ಮೊದಲರ್ಧ ಮುಗಿದ ಸೀಟಿ ಕೇಳಿಸಿತು. ನಾವು ಮೂಲೆಯ ನೀರಿನ ಕ್ಯಾನಿನ ಹತ್ತಿರ ಗುಂಪಾಗಿ ಕೂತೆವು. ನಮಗೆ ಕೋಚ್ ಇಲ್ಲ, ಭೂಗೋಳದ ಮೇಡಂ ಇದ್ದಾರೆ. ಶಾಲೆಯಲ್ಲಿ ಸೀಟಿ ಊದಲು ಬರುವ ಟೀಚರ್ ಅವರೊಬ್ಬರೇ.

"ಯಾರಾದ್ರೂ ಏನಾದ್ರೂ ಹೇಳ್ತೀರೋ, ನಾನೇ ಬೈಯಲೋ?" ಎಂದರು ಮೇಡಂ.

"ಬೈಗುಳ ಆಗಿದೆ ಮೇಡಂ," ಎಂದಳು ಸೊಳ್ಳೆ, ಕಾಲು ನೀವಿಕೊಳ್ಳುತ್ತ. "ಹಳೇದು, ಹೊಸದು, ಎಲ್ಲಾ."

"ಮುಂದಿನ ಅರ್ಧ ಇನ್ನೂ ಕೆಟ್ಟದು," ಎಂದಳು ಗಡಿಯಾರ. "ನಮ್ ಕಾಲಿಗೆ ಈಗ ಇಳಿಜಾರು ಶುರು. ತಾನಾಗೇ ಮೆತ್ತಗಾಗುತ್ತೆ. ಇಷ್ಟೊತ್ತು ಪಾಸು ಆಚೆ ಹೋಗ್ತಿತ್ತು, ಇನ್ಮೇಲೆ ಅರ್ಧ ದಾರೀಲೇ ನಿಂತ್ಕೊಳ್ಳುತ್ತೆ."

ಅದು ನಿಜವೆಂದು ಎಲ್ಲರಿಗೂ ಗೊತ್ತಿತ್ತು. ಯಾರೂ ನೀರು ಕುಡಿಯಲಿಲ್ಲ. ಗೋಲಿನ ಹಿಂದೆ ಬೇಲಿಗೆ ಒರಗಿ ಅಕ್ಕ ನಿಂತಿದ್ದಳು. ಕೆಲಸದಿಂದ ನೇರವಾಗಿ ಬಂದಿದ್ದಳು, ಉಗುರಿನ ಸಂದಿಯಲ್ಲಿ ಬಿಳಿ ಸಿಮೆಂಟು. ಅತ್ತೆ ಅವಳ ಕಡೆ ಒಮ್ಮೆ ನೋಡಿದಳು. ಅಕ್ಕ ನೋಡಲಿಲ್ಲ, ಅಥವಾ ನೋಡದವಳಂತೆ ಮಾಡಿದಳು.

"ಅಡ್ಡ ಪಾಸು ಒಂದೂ ತಪ್ಪಿಲ್ಲ," ಎಂದಳು ಅತ್ತೆ.

"ಏನು?"

"ನಾನು ಹಿಂದೆ ನಿಂತು ನೋಡ್ತಾನೇ ಇದೀನಿ. ಮುಂದಕ್ಕೆ ಕೊಟ್ಟಿದ್ದೆಲ್ಲ ಹಾಳು. ಪಕ್ಕದವಳಿಗೆ ಕೊಟ್ಟಿದ್ದು ಎಲ್ಲಾ ಸರಿ. ಒಂದೊಂದೂ ಸರಿ. ಗಡಿಯಾರ ಸೊಳ್ಳೆಗೆ ಅಡ್ಡ ಕೊಟ್ಟಾಗ ಕಾಲಿಗೇ ಹೋಗಿ ಅಂಟ್ಕೊಂಡಿತು."

ಮೇಡಂ ತಮ್ಮ ಟಿಫಿನ್ನಿನ ಮುಚ್ಚಳ ತೆಗೆದು ಓರೆಯಾಗಿ ಹಿಡಿದರು. ಅದರ ಮೇಲೆ ಒದ್ದೆ ಬೆರಳಿನಿಂದ ಅಡ್ಡಕ್ಕೆ ಒಂದು ಗೆರೆ ಎಳೆದರು. ಅವರ ಕಣ್ಣು ದೊಡ್ಡದಾಗುತ್ತಿತ್ತು. "ಹೌದಲ್ವೇನ್ರೇ! ನಮ್ ಮೈದಾನ ಮೇಲಿಂದ ಕೆಳಗೆ ಇಳಿಜಾರು. ಅಡ್ಡಕ್ಕೆ ಎಲ್ಲಾ ಒಂದೇ ಎತ್ತರ. ನಿಮ್ ಕಾಲಿಗೆ ಅಡ್ಡ ಪಾಸಿನ ಅಳತೆ ಮಾತ್ರ ಸರಿಯಾಗಿ ಗೊತ್ತು. ಅಡ್ಡ ಪಾಸು ದೂರದ್ದಾದ್ರೆ ನಮ್ಮಲ್ಲಿ ಕೆಳಕ್ಕೆ ಜಾರುತ್ತೆ, ಚಿಕ್ಕದಾದ್ರೆ ಜಾರೋಷ್ಟರಲ್ಲಿ ಪಕ್ಕದವಳ ಕಾಲಲ್ಲಿರುತ್ತೆ. ಒಂದೇ ಎತ್ತರದ ಜಾಗಗಳನ್ನ ಸೇರಿಸೋ ಗೆರೆ! ಏನಂತಾರೆ ಅದಕ್ಕೆ?"

ನಾವೆಲ್ಲ ಶೂ ಲೇಸು ಬಿಗಿಯತೊಡಗಿದೆವು.

"ಹೋದ ತಿಂಗಳು ಕಲಿಸಿದ್ದೆ ಕಣ್ರೇ!"

"ಹೆಸರು ಮರ್ತಿದೀವಿ ಮೇಡಂ, ಪಾಠ ಕಾಲಲ್ಲಿದೆ," ಎಂದಳು ಸೊಳ್ಳೆ.

"ಆದ್ರೆ ಗೋಲು ಮುಂದಿದೆಯಲ್ಲ," ಎಂದಳು ಗಡಿಯಾರ. "ಬರೀ ಅಡ್ಡ ಆಡ್ತಾ ಇದ್ರೆ ಸಂಜೆವರೆಗೂ ಇಲ್ಲೇ ಓಡಾಡ್ಕೊಂಡು ಇರ್ತೀವಿ."

"ಗುಡ್ಡ ಹತ್ತೋ ಬಸ್ಸು ನೇರ ಹೋಗುತ್ತೇನೇ?" ಅತ್ತೆ ಎದ್ದು ನಿಂತಳು. "ಈ ಕಡೆ ಹೋಗುತ್ತೆ, ತಿರುಗುತ್ತೆ, ಆ ಕಡೆ ಹೋಗುತ್ತೆ. ಹಾಗೇ ಹೋಗಿ. ಅಡ್ಡ ಕೊಡಿ, ಚೆಂಡು ಇಟ್ಕೊಂಡು ಎರಡು ಹೆಜ್ಜೆ ಮುಂದೆ ಓಡಿ, ಮತ್ತೆ ಅಡ್ಡ ಕೊಡಿ. ಮುಂದಕ್ಕೆ ಚೆಂಡು ಕಳಿಸಬೇಡಿ, ಮುಂದಕ್ಕೆ ನೀವು ಹೋಗಿ. ಯಾವಳಾದ್ರೂ ಉದ್ದಕ್ಕೆ ಒದ್ದಳೋ, ನಾನು ಗೋಲು ಬಿಟ್ಟು ಬಂದು ಒದೀತೀನಿ. ಚೆಂಡಿಗಲ್ಲ."

ಎರಡನೇ ಅರ್ಧ ಶುರುವಾದಾಗ ದೊಡ್ಡ ಶಾಲೆಯವರಿಗೆ ಏನಾಗುತ್ತಿದೆ ಎಂದು ತಿಳಿಯಲಿಲ್ಲ. ನಮಗೂ ಪೂರ್ತಿ ತಿಳಿದಿತ್ತು ಎನ್ನಲಾಗದು. ಬಲದಿಂದ ಎಡಕ್ಕೆ, ಎಡದಿಂದ ಬಲಕ್ಕೆ. ನಾವು ಮೈದಾನವನ್ನು ಸಾರಿಸುತ್ತಿದ್ದೇವೇನೋ ಎನ್ನುವಂತೆ ಅಡ್ಡಡ್ಡ ಓಡಾಡಿದೆವು. ನೋಡಲು ಬಂದವರು ಆಕಳಿಸಿದರು. ಯಾರೋ, "ಗೋಲು ಆ ಕಡೆ ಇದೆ ಕಣ್ರಮ್ಮ!" ಎಂದು ಕೂಗಿದರು. ಆದರೆ ಪಾಸು ತಪ್ಪುತ್ತಿರಲಿಲ್ಲ. ಒಂದು ಹೋಯಿತು, ಇನ್ನೊಂದು ಹೋಯಿತು, ಕಾಲಿಗೆ ಬಂದ ಚೆಂಡು ನಾಯಿಮರಿಯಂತೆ ಅಲ್ಲೇ ನಿಲ್ಲುತ್ತಿತ್ತು. ಅವರ ಬ್ಯಾಕುಗಳು ಈ ಕಡೆ ಬಂದರು, ಆ ಕಡೆ ಹೋದರು, ಮತ್ತೆ ಈ ಕಡೆ ಬಂದರು. ಮೂರನೇ ತಿರುವಿನಲ್ಲಿ ಅವರಲ್ಲಿ ಒಬ್ಬಳು ತನ್ನವಳಿಗೇ ಡಿಕ್ಕಿ ಹೊಡೆದಳು. ಸೊಳ್ಳೆ ಆ ಸಂದಿಯಲ್ಲಿ ನುಗ್ಗಿದಳು. ಎರಡು–ಒಂದು.

"ಒಂದಕ್ಕೆಲ್ಲ ಕುಣೀಬೇಡಿ!" ಹಿಂದಿನಿಂದ ಅತ್ತೆ. "ಇನ್ನೂ ಪಾತ್ರೆ ತೊಳೆದಿಲ್ಲ, ಕಸ ಗುಡಿಸಿಲ್ಲ!"

ಆಕಳಿಸುತ್ತಿದ್ದವರು ಎದ್ದು ನಿಂತರು. ಎರಡನೆಯ ಗೋಲು ಗಡಿಯಾರಳದು. ಅಡ್ಡ ಬಂದ ಚೆಂಡಿಗೆ, ಜೀವನದಲ್ಲಿ ಮೊದಲ ಬಾರಿಗೆ, ಸರಿಯಾದ ಸಮಯಕ್ಕೆ ಬಂದು ನಿಂತಿದ್ದಳು. ಎರಡು–ಎರಡು.

ಅವರೂ ಸುಮ್ಮನೆ ಕಪ್ ಗೆದ್ದವರಲ್ಲ. ಕೊನೆಯ ಹೊತ್ತಿಗೆ ಅವರ ಉದ್ದ ಜಡೆಯ ಕ್ಯಾಪ್ಟನ್ ನಮ್ಮ ಗೋಲಿನ ಎದುರು ಫ್ರೀ ಕಿಕ್ ಗಳಿಸಿದಳು. ನಾವು ಗೋಡೆ ಕಟ್ಟಿ ನಿಂತೆವು. ಅವಳು ಒದ್ದ ಚೆಂಡು ಗೋಡೆಯ ಮೇಲಿನಿಂದ ಬಾಗಿ, ಮೂಲೆಗೆ, ಕಂಬದ ಒಳಮಗ್ಗುಲಿಗೇ ಹೋಗುತ್ತಿತ್ತು. ಅತ್ತೆ ಹಾರಿದಳು. ಅವಳು ಹಾರುವುದನ್ನು ನಾವು ಸಾವಿರ ಸಲ ನೋಡಿದ್ದೇವೆ, ಆದರೆ ನಮ್ಮ ಮೈದಾನದಲ್ಲಿ ಬಿದ್ದರೆ ಮೊಣಕೈ ತರಚುತ್ತದೆ, ಹಾಗಾಗಿ ಅವಳು ಬೇಕಾದಷ್ಟೇ ಹಾರುತ್ತಾಳೆ. ಇಲ್ಲಿ ಮೆತ್ತನೆಯ ಹುಲ್ಲು. ಧಾರಾಳವಾಗಿ ಹಾರಿದಳು. ಚೆಂಡನ್ನು ಎದೆಗವಚಿಕೊಂಡು ಬಿದ್ದಳು, ಎದ್ದಳು.

ಎಲ್ಲರೂ ಉದ್ದನೆಯ ಕಿಕ್ ಬರುತ್ತದೆ ಎಂದು ಓಡತೊಡಗಿದರು. ಹೊತ್ತು ಮುಗಿಯುತ್ತ ಬಂದಿತ್ತು, ಬೇರೆ ಯಾರಾದರೂ ಅದನ್ನೇ ಮಾಡುತ್ತಿದ್ದರು. ಅತ್ತೆ ಬಗ್ಗಿ, ಚೆಂಡನ್ನು ಪಕ್ಕಕ್ಕೆ, ನಮ್ಮ ಬಲಬ್ಯಾಕಿನ ಕಾಲಿಗೆ ಉರುಳಿಸಿದಳು. ಅಡ್ಡ.

ಆಮೇಲೆ ನಡೆದದ್ದನ್ನು ನಮ್ಮೂರಿನಲ್ಲಿ ಇನ್ನು ವರ್ಷಗಟ್ಟಲೆ ಕಾಫಿ ಲೋಟಗಳನ್ನು ಮೇಜಿನ ಮೇಲೆ ಜೋಡಿಸಿ ತೋರಿಸುತ್ತಾರೆ. ಬಲಬ್ಯಾಕಿನಿಂದ ಎಡಬ್ಯಾಕಿಗೆ. ಎರಡು ಹೆಜ್ಜೆ. ಎಡಬ್ಯಾಕಿನಿಂದ ಗಡಿಯಾರಳಿಗೆ. ಎರಡು ಹೆಜ್ಜೆ. ಅಡ್ಡ, ಅಡ್ಡ, ತಿರುವು, ಅಡ್ಡ. ಇಡೀ ಮೈದಾನವನ್ನು ಬಸ್ಸು ಗುಡ್ಡ ಹತ್ತಿದಂತೆ ಹತ್ತಿದೆವು. ನೆಲ ಮಟ್ಟವಾಗಿದೆ ಎಂಬುದು ನಮಗೆ ಮರೆತೇಹೋಗಿತ್ತು. ನಮ್ಮ ಮಟ್ಟಿಗೆ ಆ ತುದಿಯಲ್ಲಿ ನೀರಿನ ಟ್ಯಾಂಕು ಇತ್ತು. ಕೊನೆಯ ಅಡ್ಡ ಪಾಸು ಸೊಳ್ಳೆಯ ಕಾಲಿಗೆ ಬಂದಾಗ ಅವರ ಗೋಲ್‌ಕೀಪರ್ ಇನ್ನೂ ಇನ್ನೊಂದು ಕಂಬದ ಹತ್ತಿರ ಇದ್ದಳು. ಸೊಳ್ಳೆ ಚೆಂಡನ್ನು ಒದೆಯಲಿಲ್ಲ. ಒಳಗೆ ಇಟ್ಟಳು, ಶೆಲ್ಫಿನಲ್ಲಿ ಡಬ್ಬಿ ಇಟ್ಟಂತೆ.

ಮೂರು–ಎರಡು. ಸೀಟಿ.

ನಾವು ಒಬ್ಬರ ಮೇಲೊಬ್ಬರು ಬಿದ್ದೆವು. ಮೇಡಂ ಟಿಫಿನ್ ಮುಚ್ಚಳ ಬಡಿಯುತ್ತ ಓಡಿ ಬಂದರು. ಅತ್ತೆ ಮಾತ್ರ ಬೇಲಿಯ ಹತ್ತಿರ ಹೋಗಿ ಅಕ್ಕನ ಮುಂದೆ ನಿಂತಿದ್ದಳು. ಅಕ್ಕ ಅವಳ ಗ್ಲೌಸಿಗೆ ಅಂಟಿದ ಹುಲ್ಲು ಬಿಡಿಸುತ್ತಿದ್ದಳು.

ಅಧ್ಯಕ್ಷರು ಬಂದರು. ಈ ಸಲ ಮೈಕ್ ಇರಲಿಲ್ಲ, ಆದರೆ ಸುತ್ತ ಜನ ಇದ್ದರು, ಬೆಳಿಗ್ಗೆ ನಕ್ಕವರೇ. "ಭೇಷ್! ನಾನು ಇಂಥ ಆಟ ನೋಡೇ ಇಲ್ಲ," ಎಂದರು. ಮನಸ್ಸಿನಿಂದಲೇ ಹೇಳಿದರು. ಮೇಡಂ ಕಡೆ ತಿರುಗಿದರು. "ಟೀಚರ್, ಬೆಳಿಗ್ಗೆ ಒಂದು ಮಾತು ಆಡಿದ್ದೆ. ಅದರ ಬಗ್ಗೆ ಯೋಚನೆ ಮಾಡ್ದೆ. ಇಷ್ಟು ಚೆನ್ನಾಗಿ ಆಡೋ ಮಕ್ಕಳು ಆ ಗುಡ್ಡದ ಮೇಲೆ ಯಾಕೆ ಕಷ್ಟ ಪಡಬೇಕು? ನಮ್ಮ ಕಡೆಯಿಂದ ಮೆಷಿನ್ ಕಳಿಸ್ತೀನಿ. ಮೇಲಿನ ಮಣ್ಣು ತೆಗೆದು ಕೆಳಗೆ ಹಾಕಿ ಮಟ್ಟ ಮಾಡಿಸ್ತೀನಿ. ಇದೇ ಹುಲ್ಲು ಹಾಕಿಸ್ತೀನಿ. ಆಮೇಲೆ ನಮ್ಮ ತಂಡ ಖಂಡಿತ ಬಂದು ಆಡುತ್ತೆ."

ಸೊಳ್ಳೆ ಶೂ ಕಳಚಿ ಹುಲ್ಲಿನ ಮೇಲೆ ಅಂಗಾಲು ಆಡಿಸಿದಳು. ಅವಳ ಮೊಣಕಾಲಿನಲ್ಲಿ ಗಾಯದ ಮೇಲೆ ಗಾಯ. ನಮ್ಮೆಲ್ಲರದೂ ಹಾಗೇ. ಮೈದಾನ ಮಟ್ಟ ಮಾಡಿಸಿಕೊಡಿ ಎಂದು ಮೇಡಂ ಎಷ್ಟು ಕಚೇರಿಗಳ ಬೆಂಚಿನ ಮೇಲೆ ಕಾದು ಕೂತಿದ್ದರು ಎಂಬುದು ನಮಗೆ ಗೊತ್ತಿತ್ತು.

"ಆ ಹಳೇ ಪಂದ್ಯದ ವಿಷಯ ಏನಾಯ್ತು ಸರ್?" ಎಂದರು ಮೇಡಂ.

"ಅಯ್ಯೋ, ಮೈದಾನವೇ ಹೊಸದಾದ ಮೇಲೆ ಅದ್ಯಾರಿಗೆ ನೆನಪಿರುತ್ತೆ? ತಾನಾಗೇ ಮರೆತು ಹೋಗುತ್ತೆ, ಬಿಡಿ," ಎಂದು ಅಧ್ಯಕ್ಷರು ಪ್ರೀತಿಯಿಂದ ನಕ್ಕರು. "ಏನಂತೀರಿ?"

ಮೇಡಂ ಮುಚ್ಚಳವನ್ನು ಡಬ್ಬಿಗೆ ಒತ್ತಿ ಮುಚ್ಚಿದರು. "ಕ್ಯಾಪ್ಟನ್ ಅಲ್ಲಿದ್ದಾಳೆ. ಅವಳನ್ನೇ ಕೇಳಿ."

ಅಷ್ಟರಲ್ಲಿ ಅತ್ತೆ ಬಂದಿದ್ದಳು, ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅಕ್ಕ ಅವಳ ಹಿಂದೆಯೇ ನಿಂತು ಉಗುರಿನ ಸಿಮೆಂಟು ಕೆರೆದುಕೊಳ್ಳುತ್ತಿದ್ದಳು, ನೆಲ ನೋಡುತ್ತ.

"ಬೇಡ," ಎಂದಳು ಅತ್ತೆ.

"ಬೇಡ ಅಂದ್ರೆ? ಖರ್ಚೆಲ್ಲ ನಮ್ಮದೇ ಕಣಮ್ಮ. ನಿಮ್ಮ ಶಾಲೆಗೆ ಒಳ್ಳೇದಲ್ವಾ?"

"ಬೇಡ ಸರ್. ಅದು ಹೇಗಿದೆಯೋ ಹಾಗೇ ಇರುತ್ತೆ. ನಮ್ಮಕ್ಕ ಏರಿ ಹೊಡೆದಳು. ನೀವೂ ಬಂದು ಏರಿ."